ಜಾಹೀರಾತಿನ ಹೊತ್ತಿನಲ್ಲಿ

ನ್ಯೂಯಾರ್ಕ್
೧೯ ಸೆಪ್ಟೆಂಬರ್ ೧೯೮೩

ಪ್ರೀತಿಯ ಹುಲ್ಡಾ ಅಕ್ಕ,

ನಿನ್ನ ಕಾಗದ ಬಂದು ಎರಡು ವಾರವಾಯಿತು. ತಡವಾಯಿತೆಂದು ಬೈಯಬೇಡ. ವಾರಕ್ಕೆ ಐದು ರಾತ್ರಿ ಟೀವಿಯ ನಗೆ ಕಾರ್ಯಕ್ರಮ, ದಿನಕ್ಕೆ ನೂರು ನೂರಿಪ್ಪತ್ತು ಕಾರ್ಡು. ಹಗಲೆಲ್ಲ ಗೇಣುದ್ದದ ಅಕ್ಷರ ಬರೆದ ಕೈಗೆ ಮನೆಗೆ ಬಂದು ಇನ್ನೂ ನಾಲ್ಕು ಸಾಲು ಬರೆ ಅಂದರೆ ಅದು ಸೊಪ್ಪು ಹಾಕುವುದಿಲ್ಲ.

ನೀನು ಕೇಳಿದ್ದೀಯ: 'ಸುದ್ದಿ ಓದುವವರೆಲ್ಲ ನನ್ನ ಮುಖ ನೋಡಿ ಮಾತಾಡುತ್ತಾರೆ. ನಿಮ್ಮ ಬಡ್ ಕಾರ್ವೆಲ್ ಮಾತ್ರ ನನ್ನ ಬಲಗಿವಿಯ ಆಚೆ ನೋಡುತ್ತಾನೆ. ನನಗಿಂತ ಒಳ್ಳೆಯವರು ಯಾರೋ ಅಲ್ಲಿ ನಿಂತ ಹಾಗೆ.' ಬಸ್ಸಿನಲ್ಲಿ ಓದಿ ಒಬ್ಬನೇ ನಕ್ಕೆ. ಅಕ್ಕ, ಅಲ್ಲಿ ನಿಂತಿರುವವನು ನಾನು.

ಹನ್ನೊಂದು ವರ್ಷದಿಂದ ನಾನು ಈ ಕೆಲಸದಲ್ಲಿದ್ದರೂ ನಿನಗೆ ಸರಿಯಾಗಿ ಹೇಳಿಯೇ ಇಲ್ಲ ನೋಡು. ಕ್ಯಾಮೆರಾದ ಬಲಭುಜಕ್ಕೆ ಅಂಟಿಕೊಂಡು ನಿಲ್ಲುತ್ತೇನೆ. ಎದೆಯ ಮುಂದೆ ಬಡ್ ಹೇಳಬೇಕಾದ ಮಾತು ಬರೆದ ದೊಡ್ಡ ಕಾರ್ಡುಗಳ ಕಂತೆ. ಬಡ್ ಒಂದನ್ನು ಓದಿ ಮುಗಿಸುತ್ತಿದ್ದ ಹಾಗೆ ಅದನ್ನು ಹಿಂದಕ್ಕೆ ಜಾರಿಸುತ್ತೇನೆ. ಜನ ಅವನಿಗೆ ಆ ಮಾತು ಆಗಷ್ಟೇ ಹೊಳೆಯಿತು ಅಂದುಕೊಳ್ಳುತ್ತಾರೆ. ಹೊಳೆದದ್ದು ಬೆಳಿಗ್ಗೆ, ಮೇಲಿನ ಮಹಡಿಯಲ್ಲಿ ಕೂತ ಆರು ಜನ ಬರಹಗಾರರಿಗೆ. ಬರೆದದ್ದು ಆರನೇ ಕ್ಲಾಸಿಗೆ ಶಾಲೆ ಬಿಟ್ಟ ನಿನ್ನ ತಮ್ಮ. ಊರಿನ ಅಂಗಡಿಗಳಿಗೆ 'ತಾಜಾ ಮೀನು' ಅಂತ ಬೋರ್ಡು ಬರೆಯುತ್ತಿದ್ದ ಅದೇ ಅಕ್ಷರ. ಇನ್ನೊಂದು ಗುಟ್ಟು: ಬಡ್ ನಿಮಗೆಲ್ಲ ಶುಭರಾತ್ರಿ ಹೇಳುವಾಗ ಇಲ್ಲಿ ಸಂಜೆ ಆರೂವರೆ. ನೀನು ಅದನ್ನು ನೋಡುವ ಹೊತ್ತಿಗೆ ಅವನು ಮನೆಯಲ್ಲಿ ಗೊರಕೆ ಹೊಡೆಯುತ್ತಿರುತ್ತಾನೆ.

ಕೆಂಟಕಿಯ ಹೆಂಗಸು ತನ್ನ ಹುಂಜವನ್ನು ಕರೆತಂದದ್ದು ನೋಡಿದೆಯಲ್ಲ? ಆಟದ ಪಿಯಾನೋ ಮೇಲೆ ನಡೆದು ಚರ್ಚಿನ ಹಾಡು ನುಡಿಸಿತಲ್ಲ, ಅದು. ಜಾಹೀರಾತಿನ ಎರಡು ನಿಮಿಷದಲ್ಲಿ ಏನಾಯಿತೆಂದು ನಿನಗೆ ಗೊತ್ತಿಲ್ಲ. ಅದು ಮೇಜಿಗೆ ಹಾರಿ ಬಡ್‌ನ ಕಪ್ಪಿಗೆ ಕೊಕ್ಕು ಹಾಕಿತು. ಆ ಕಪ್ಪಿನಲ್ಲಿರುವುದು ಕಾಫಿಯಲ್ಲ ಅಂತ ಇಲ್ಲಿ ಎಲ್ಲರಿಗೂ ಗೊತ್ತು.

"ಅಮ್ಮಾ, ನಿಮ್ ಹುಂಜ ಕುಡಿಯುತ್ತಾ?" ಅಂದ ಬಡ್.

"ಭಾನುವಾರ ಮುಟ್ಟಲ್ಲ" ಅಂದಳು ಆಕೆ.

ಜಾಹೀರಾತು ಮುಗಿದ ಮೇಲೆ ಅದು ಅದೇ ಹಾಡನ್ನು ಎರಡು ಪಟ್ಟು ಜೋರಾಗಿ ನುಡಿಸಿತಲ್ಲ, ಕಾರಣ ಅದು.

ಚಳಿಗೆ ಮುಂಚೆ ಕಿಟಕಿಗಳ ಸಂದಿಗೆ ಬಟ್ಟೆ ತುರುಕಿಸಿಕೋ.

ನಿನ್ನ
ಆರ್ವಿಡ್


ಟು ಹಾರ್ಬರ್ಸ್, ಮಿನ್ನೆಸೋಟ
೨ ಅಕ್ಟೋಬರ್ ೧೯೮೩

ಆರ್ವಿಡ್,

ನಿನ್ನ ಕಾಗದ ಓದಿದ ದಿನವೇ ಊಟದ ಮನೆಯಿಂದ ಒಂದು ಕುರ್ಚಿ ತಂದು ನನ್ನ ಬಲಕ್ಕೆ, ಬಡ್ ನೋಡುವ ಜಾಗಕ್ಕೆ ಸರಿಯಾಗಿ ಹಾಕಿದೆ. ಮೊದಲ ದಿನ ಸ್ವಲ್ಪ ಹಿಂದಾಯಿತು. ಎರಡನೇ ದಿನ ದೀಪದ ಕಡೆಗೆ ಒಂದು ಗೇಣು ಸರಿಸಿದೆ. ಈಗ ಬಡ್ ಏನು ಹೇಳಿದರೂ ಆ ಕುರ್ಚಿಗೇ ಹೇಳುತ್ತಾನೆ. ಅಲ್ಲಿ ನೀನು ನಿಂತಿದ್ದೀಯ ಅಂದುಕೊಳ್ಳುತ್ತೇನೆ. ನಿಂತು ನಿಂತು ಕಾಲು ನೋಯುತ್ತದಲ್ಲ, ಅದಕ್ಕೇ ಕುರ್ಚಿ.

ಎದುರುಮನೆ ಇಂಗೆಬೋರ್ಗ್ ಎಂದಿನಂತೆ ಹತ್ತು ಗಂಟೆಗೆ ಹೆಣಿಗೆ ಹಿಡಿದು ಬರುತ್ತಾಳೆ. ಕುರ್ಚಿ ನೋಡಿ "ಯಾರಾದ್ರೂ ಗಂಡಸರು ಬರ್ತಿದಾರೇನೇ?" ಅಂದಳು. "ನನ್ ತಮ್ಮ" ಅಂದೆ. "ಅವ್ನು ಬಂದು ಒಂಬತ್ತು ವರ್ಷ ಆಯ್ತಲ್ಲೇ" ಅಂದಳು. ಅವಳ ಬಾಯಿಗೆ ಬೀಗವಿಲ್ಲ, ನಿನಗೆ ಗೊತ್ತಲ್ಲ.

ಬಾ ಅಂತ ಬರೆಯುತ್ತಿಲ್ಲ. ನಿನಗೆ ಕೆಲಸವಿದೆ, ನನಗೆ ಇಂಗೆಬೋರ್ಗ್ ಇದ್ದಾಳೆ, ಮನೆ ಬೆಚ್ಚಗಿದೆ. ಚರ್ಚಿನಲ್ಲಿ ಎಲ್ಲರಿಗೂ ಹುಂಜದ ಕತೆ ಹೇಳಿದೆ. ಪಾದ್ರಿಯೂ ನಕ್ಕರು, ಆಮೇಲೆ ಕೆಮ್ಮಿದರು.

ಜಾಹೀರಾತಿನ ಹೊತ್ತಿನಲ್ಲಿ ಆಗುವುದನ್ನು ಬರೆಯುತ್ತಿರು. ಮಿಕ್ಕದ್ದು ನಾನೇ ನೋಡುತ್ತೇನೆ.

ಹುಲ್ಡಾ


ನ್ಯೂಯಾರ್ಕ್
೨೪ ಅಕ್ಟೋಬರ್ ೧೯೮೩

ಪ್ರೀತಿಯ ಅಕ್ಕ,

ಕಳೆದ ಗುರುವಾರದ್ದನ್ನು ನೀನು ನೋಡಿರುತ್ತೀಯ. ನೋಡಿಲ್ಲದಿದ್ದರೆ ಊರೇ ನಿನಗೆ ಹೇಳಿರುತ್ತದೆ.

ಬಡ್ ಶುರುಮಾಡಿ ನಾಲ್ಕನೇ ಕಾರ್ಡಿಗೆ ಬಂದಿದ್ದ. ಇದ್ದಕ್ಕಿದ್ದ ಹಾಗೆ ಇಡೀ ಕಂತೆ ನೆಲಕ್ಕೆ. ಬಗ್ಗಿ ಬಾಚಿಕೊಂಡೆ, ಸಿಕ್ಕ ಹಾಗೆ ಜೋಡಿಸಿ ಎತ್ತಿ ಹಿಡಿದೆ. ಬಡ್ ಕಣ್ಣು ಮಿಟುಕಿಸದೆ ಇದ್ದದ್ದನ್ನು ಇದ್ದ ಹಾಗೆ ಓದಿದ.

"ಮೇಯರ್ ಸಾಹೇಬ್ರು ನಿನ್ನೆ ಹೊಸ ಸೇತುವೆ ಉದ್ಘಾಟನೆ ಮಾಡಿದ್ರು. ಡಾಕ್ಟ್ರು ಹೇಳ್ತಾರೆ, ಎರಡು ದಿನದಲ್ಲಿ ತಾನಾಗೇ ಉದುರುತ್ತಂತೆ."

ಜನ ಒಬ್ಬರ ಮುಖ ಒಬ್ಬರು ನೋಡಿದರು. ಆಮೇಲೆ ಬಿದ್ದು ಬಿದ್ದು ನಕ್ಕರು.

"ನಮ್ ಅತ್ತೆ ಭಾನುವಾರ ಮನೆಗೆ ಬಂದ್ರು. ನೂರಾ ಎಂಬತ್ತು ಪೌಂಡ್ ತೂಕ, ತಾಯಿ ಮರಿ ಇಬ್ರೂ ಚೆನ್ನಾಗಿದಾರೆ ಅಂತ ಮೃಗಾಲಯದವ್ರು ಹೇಳಿದಾರೆ."

ವಾದ್ಯದವರು ಕೊಂಬು ಕೆಳಗಿಟ್ಟು ಕಣ್ಣು ಒರೆಸಿಕೊಂಡರು. ಬಡ್ ಇನ್ನೊಂದು ಕ್ಯಾಮೆರಾವನ್ನು ನನ್ನ ಕಡೆ ತಿರುಗಿಸಲು ಹೇಳಿದ. ಹನ್ನೊಂದು ವರ್ಷದಲ್ಲಿ ಮೊದಲ ಸಲ ದೇಶಕ್ಕೆ ನನ್ನ ಬೋಳುತಲೆ ಕಂಡಿತು. ಜಾಹೀರಾತು ಬಂದಾಗ ಅವನು ಮೇಜು ಬಿಟ್ಟೆದ್ದು ನನ್ನ ಹತ್ತಿರ ಬಂದು ಕಿವಿಯಲ್ಲಿ ಏನೋ ಹೇಳಿದ. ಅದನ್ನು ಇನ್ನೊಂದು ದಿನ ಬರೆಯುತ್ತೇನೆ.

ಇನ್ನು ಮೇಲೆ ಅದು ಪ್ರತಿ ಗುರುವಾರದ ತಮಾಷೆಯಂತೆ. 'ಬಿದ್ದ ಕಾರ್ಡು' ಅಂತ ಹೆಸರು. ಬೇಕೆಂದೇ ಬೀಳಿಸುವುದು. ಅರವತ್ತೆಂಟನೇ ವಯಸ್ಸಿಗೆ ನಿನ್ನ ತಮ್ಮ ನಟನಾದ.

ಆರ್ವಿಡ್


ಟು ಹಾರ್ಬರ್ಸ್
೬ ನವೆಂಬರ್ ೧೯೮೩

ಆರ್ವಿಡ್,

ನೋಡಿದೆ. ಇಂಗೆಬೋರ್ಗ್ ನಕ್ಕು ಹೆಣಿಗೆಯ ಎರಡು ಸಾಲು ತಪ್ಪಿಸಿದಳು. "ಇದೇನೇ ನಿನ್ ತಮ್ಮ ಇಷ್ಟು ಮುದುಕ ಆಗೋದಾ?" ಅಂದಳು. ಕೂದಲಿಲ್ಲದಿದ್ದರೂ ಮೂಗು ಅಪ್ಪನದೇ ಅಂದೆ ನಾನು.

ಒಂದು ಮಾತು. ಕಾರ್ಡು ಎತ್ತಿ ಹಿಡಿದಾಗ ಕೈಯನ್ನು ಹೇಗೆ ನಡುಗಿಸಿದೆ ನೀನು. ಥೇಟ್ ಅಪ್ಪನ ಹಾಗೆ. ಕೊನೆಕೊನೆಗೆ ಅಮ್ಮ ಅಪ್ಪನಿಗೆ ಕಾಫಿಯನ್ನು ಅರ್ಧ ಕಪ್ಪು ಮಾತ್ರ ಬಗ್ಗಿಸುತ್ತಿದ್ದಳಲ್ಲ, ಚೆಲ್ಲದಿರಲಿ ಅಂತ. ಅಪ್ಪ ಅದನ್ನು ನೋಡಿ "ನಾನೇನು ಅರ್ಧ ಮನುಷ್ಯನಾ?" ಅಂತ ಗದರುತ್ತಿದ್ದದ್ದು ನೆನಪಾಯಿತು. ಎಷ್ಟು ಗಮನಿಸಿದ್ದೀಯ ನೀನು. ನಟನೆ ನಿನಗೆ ಬರುತ್ತದೆ ಅಂತ ಗೊತ್ತಿರಲಿಲ್ಲ.

ಆದರೆ ಅದನ್ನು ಪ್ರತಿ ಗುರುವಾರ ಮಾಡಬೇಡ. ನಗು ಬರುತ್ತದೆ, ಆಮೇಲೆ ಇನ್ನೊಂದೇನೋ ಬರುತ್ತದೆ.

ಕಿವಿಯಲ್ಲಿ ಏನು ಹೇಳಿದ?

ಹುಲ್ಡಾ


ನ್ಯೂಯಾರ್ಕ್
೨೮ ನವೆಂಬರ್ ೧೯೮೩

ಪ್ರೀತಿಯ ಅಕ್ಕ,

ನೀನು ಕೇಳಿದ್ದಕ್ಕೆ ಉತ್ತರ ಕೊಡದೆ ಬೇರೆ ಕತೆ ಹೇಳುತ್ತೇನೆ, ಕ್ಷಮಿಸು.

ಮಂಗಳವಾರ ತೊಂಬತ್ತೊಂದು ವರ್ಷದ ಒಬ್ಬ ಮುದುಕ ಬಂದಿದ್ದ. ನಲವತ್ತು ವರ್ಷ ರೈಲು ಇಲಾಖೆಯಲ್ಲಿದ್ದವನು. ಯಾವ ರೈಲಿನ ಸೀಟಿ ಬೇಕು ಹೇಳಿ, ಬಾಯಿಂದ ಊದುತ್ತಾನೆ. ಬೆಟ್ಟ ಹತ್ತುವಾಗಿನದು ಬೇರೆ, ಸೇತುವೆಗೆ ಬರುವಾಗಿನದು ಬೇರೆ. "ಪ್ಯಾಸೆಂಜರ್ ತಡವಾಗಿ ಬಂದಾಗ ಹೆಂಗೆ ಊದುತ್ತೆ?" ಅಂತ ಬಡ್ ಕೇಳಿದ್ದಕ್ಕೆ ಮುದುಕ ಸುಮ್ಮನೆ ಗಡಿಯಾರ ನೋಡಿಕೊಂಡು ಕೂತನಲ್ಲ, ಆ ಒಂದು ನಿಮಿಷ ಯಾವ ಬರಹಗಾರನೂ ಬರೆಯಲಾರ.

ನೀನು ನೋಡದ್ದು ಇದು. ಜಾಹೀರಾತಿನ ಹೊತ್ತಿನಲ್ಲಿ ನಾನು ಕಾರ್ಡು ಬಗಲಿಗಿಟ್ಟುಕೊಂಡು ಅವನ ಹತ್ತಿರ ಹೋದೆ. "ತಾತ, ಟು ಹಾರ್ಬರ್ಸ್‌ನಲ್ಲಿ ಅದಿರು ತುಂಬಿದ ರೈಲು ಹಡಗುಕಟ್ಟೆಗೆ ಇಳಿಯೋವಾಗಿನ ಸೀಟಿ ಗೊತ್ತಾ?" ಅಂದೆ. ಮುದುಕ ನನ್ನ ಮುಖ ನೋಡಿ, "ಯಾವ ಮಗ್ಗುಲಿಂದ ಕೇಳ್ತಿದ್ದೆ?" ಅಂದ. "ಮಲಗೋ ಕೋಣೆಯಿಂದ. ಕಿಟಕಿ ಮುಚ್ಚಿರುತ್ತೆ" ಅಂದೆ. ಅವನು ಅಂಗೈ ಬಾಯಿಗೆ ಅಡ್ಡ ಹಿಡಿದು, ಮುಚ್ಚಿದ ಕಿಟಕಿಯಾಚೆಗಿನ ಹಾಗೆಯೇ, ನನಗೊಬ್ಬನಿಗೇ ಕೇಳುವಷ್ಟು ಊದಿದ.

ಆಮೇಲೆ ಎರಡು ಕಾರ್ಡು ತಲೆಕೆಳಗಾಗಿ ಹಿಡಿದೆನಂತೆ.

ಕ್ಯಾಮೆರಾದ ಮುಂದೆ ಯಾರೋ ಬಂದು ಅಳತೆ ತೆಗೆಯುತ್ತಿದ್ದಾರೆ. ಗಾಜಿನ ಏನನ್ನೋ ಕೂರಿಸುತ್ತಾರಂತೆ. ನನಗೆ ಅದರ ಗೊಡವೆ ಇಲ್ಲ.

ಆರ್ವಿಡ್


ಟು ಹಾರ್ಬರ್ಸ್
೮ ಜನವರಿ ೧೯೮೪

ಆರ್ವಿಡ್,

ಕ್ರಿಸ್‌ಮಸ್ಸಿಗೆ ನಿನ್ನ ಕಾಗದವಿಲ್ಲ. ಕಾರ್ಡು ಬರೆಯುವವನಿಂದ ಒಂದು ಕಾರ್ಡೂ ಇಲ್ಲ ಅಂತ ಇಂಗೆಬೋರ್ಗ್ ಅಣಕಿಸಿದಳು.

ನಮ್ಮ ಟೀವಿ ಕೆಟ್ಟಿದೆ. ಕ್ರಿಸ್‌ಮಸ್ ರಜೆಯಲ್ಲಿ ಹಳೆಯವನ್ನೇ ಹಾಕಿದ್ದರು, ಹೊಸ ವರ್ಷದ ಮೊದಲ ಕಾರ್ಯಕ್ರಮದಿಂದ ಬಡ್‌ನ ಕಣ್ಣು ಜಾಗ ತಪ್ಪಿದೆ. ಕುರ್ಚಿಯನ್ನು ಹಿಂದೆ ಮುಂದೆ ಸರಿಸಿ ನೋಡಿದೆ. ಅವನು ಕುರ್ಚಿಯ ಕಡೆ ತಿರುಗುವುದೇ ಇಲ್ಲ, ನೆಟ್ಟಗೆ ನನ್ನನ್ನೇ ನೋಡುತ್ತಾನೆ. ಬುಧವಾರ ರಿಪೇರಿಯ ಎಲ್ಸ್‌ವರ್ತ್‌ನನ್ನು ಕರೆಸಿದೆ. ಅವನು ಮೊಣಕಾಲುದ್ದದ ಹಿಮದಲ್ಲಿ ಬಂದು, ಹಿಂಬದಿ ಬಿಚ್ಚಿ, ಧೂಳು ಊದಿ, ಮತ್ತೆ ಮುಚ್ಚಿದ.

"ಹುಲ್ಡಮ್ಮ, ಟೀವಿಗೇನೂ ಆಗಿಲ್ಲ. ಆತ ನಿಮ್ಮನ್ನೇ ನೋಡ್ತಿದಾನೆ. ಒಳ್ಳೇದಲ್ವಾ?"

"ನನ್ನನ್ಯಾಕಪ್ಪ ನೋಡ್ಬೇಕು, ಆ ಕುರ್ಚೀನ ನೋಡ್ಬೇಕು" ಅಂದೆ.

ಅವನು ಕುರ್ಚಿ ನೋಡಿದ, ನನ್ನನ್ನು ನೋಡಿದ, ಒಂದು ಬಿಸ್ಕತ್ತು ತಿಂದು ದುಡ್ಡು ಬೇಡ ಅಂತ ಹೊರಟುಬಿಟ್ಟ.

ನಿನ್ನನ್ನು ಬೇರೆ ಕಡೆ ನಿಲ್ಲಿಸಿದ್ದಾರೆಯೇ? ಹಾಗಾದರೆ ಬರೆ, ಕುರ್ಚಿ ಎಲ್ಲಿ ಹಾಕಲಿ?

ಹುಲ್ಡಾ


ನ್ಯೂಯಾರ್ಕ್
೧೬ ಜನವರಿ ೧೯೮೪

ಪ್ರೀತಿಯ ಅಕ್ಕ,

ಸರಿಯಾಗಿ ಊಹಿಸಿದ್ದೀಯ, ನಿನ್ನ ಟೀವಿ ಚೆನ್ನಾಗಿದೆ. ನನ್ನನ್ನು ಈಗ ಕ್ಯಾಮೆರಾದ ಬೆನ್ನ ಹಿಂದೆ, ಒಂದು ಮಣೆಯ ಮೇಲೆ ನಿಲ್ಲಿಸಿದ್ದಾರೆ. ಹಾಗಾಗಿ ಬಡ್‌ನ ಕಣ್ಣು ನೇರವಾಗಿದೆ. 'ಬಿದ್ದ ಕಾರ್ಡು' ನಿಲ್ಲಿಸಿದ್ದೇವೆ, ಒಂದೇ ತಮಾಷೆ ಎಷ್ಟು ದಿನ. ಕುರ್ಚಿಯನ್ನು ನಿನ್ನ ಕುರ್ಚಿಯ ಹಿಂದೆ ಹಾಕಿಕೋ.

ಹೋದ ವಾರ ಪೆಲಿಕನ್ ಹಕ್ಕಿ ತಂದ ಮೃಗಾಲಯದವನನ್ನು ನೋಡಿದೆಯಾ? ಅದು ಬಡ್‌ನ ಟೈ ನುಂಗಿದಾಗ, ಟೈ ಜೊತೆಗೆ ಬಡ್ ಕೂಡ ಮೇಜಿನ ಮೇಲೆ ಬಗ್ಗಿ, ಆ ಭಂಗಿಯಲ್ಲೇ "ನಮ್ಮ ಮುಂದಿನ ಅತಿಥಿ" ಅಂತ ಕರೆದನಲ್ಲ, ತುಂಬ ಚೆನ್ನಾಗಿತ್ತು. ಎಲ್ಲರೂ ನಕ್ಕರು.

ನಾನು ಚೆನ್ನಾಗಿದ್ದೇನೆ. ಮುಂದಿನ ಸೋಮವಾರ ಮತ್ತೆ ಬರೆಯುತ್ತೇನೆ.

ಆರ್ವಿಡ್


ನ್ಯೂಯಾರ್ಕ್
೧೩ ಫೆಬ್ರವರಿ ೧೯೮೪

ಪ್ರೀತಿಯ ಅಕ್ಕ,

ಹೋದ ಸೋಮವಾರದ ಕಾಗದ ತಲುಪಿರಬೇಕು. ನಿನ್ನ ಉತ್ತರ ಬಂದಿಲ್ಲ. ಹಿಮ ಹೆಚ್ಚೇ?

ಐಯೋವಾದಿಂದ ಬಂದ ಹೆಂಗಸು ಬೆಣ್ಣೆಯಲ್ಲಿ ಬಡ್‌ನ ತಲೆ ಕೆತ್ತಿ ತಂದದ್ದು ನೋಡಿರುತ್ತೀಯ. ದೀಪಗಳ ಶಾಖಕ್ಕೆ ಮೊದಲು ಮೂಗು ಇಳಿಯಿತು, ಆಮೇಲೆ ಗದ್ದ. "ನನ್ ಮೊದಲನೇ ಹೆಂಡ್ತಿ ನನ್ನ ನೋಡ್ತಿದ್ದಿದ್ದು ಹೀಗೇ" ಅಂದ ಬಡ್. ಆಕೆ ಮಾತ್ರ ನಗಲಿಲ್ಲ, ಚಾಕು ತೆಗೆದು ಮೂಗನ್ನು ಮತ್ತೆ ಮೇಲೆ ಕೂರಿಸುತ್ತಲೇ ಇದ್ದಳು. ಪಾಪ, ಮೂರು ದಿನದ ಕೆಲಸವಂತೆ.

ಇಲ್ಲಿ ಎಲ್ಲ ಎಂದಿನಂತೆ.

ಆರ್ವಿಡ್


ಟು ಹಾರ್ಬರ್ಸ್
೪ ಮಾರ್ಚ್ ೧೯೮೪

ತಮ್ಮಾ,

ಏಳು ಸೋಮವಾರ, ಏಳು ಕಾಗದ. ಮೇಜಿನ ಮೇಲೆ ಸಾಲಾಗಿ ಇಟ್ಟುಕೊಂಡು ಈ ದಿನವಿಡೀ ಓದಿದೆ. ಮುಂಚೆ ನಿನಗೆ ಮೂರು ವಾರಕ್ಕೊಂದು ಕಾಗದ ಬರೆಯಲು ಪುರುಸೊತ್ತಿರಲಿಲ್ಲ.

ಆ ಬೆಣ್ಣೆಯ ತಲೆ ಆಮೇಲೆ ಎಲ್ಲಿಗೆ ಹೋಯಿತು? ನೀನು ಬರೆದಿಲ್ಲ. ಯಾರು ಮನೆಗೆ ಒಯ್ದರು, ಯಾರು ಬ್ರೆಡ್ಡಿಗೆ ಬಡ್‌ನ ಕಿವಿ ಸವರಿಕೊಂಡರು, ಆಕೆ ಅತ್ತಳೋ ಇಲ್ಲವೋ, ಹಿಂದಿನ ಆರ್ವಿಡ್ ಆಗಿದ್ದರೆ ಅದನ್ನೇ ಮೊದಲು ಬರೆಯುತ್ತಿದ್ದ. ಪೆಲಿಕನ್ ನುಂಗಿದ ಟೈ ಏನಾಯಿತು? ಏಳು ಕಾಗದದಲ್ಲಿ ನಾನು ಇಲ್ಲಿ ಕೂತು ನೋಡಿದ್ದಷ್ಟೇ ಇದೆ. ಜಾಹೀರಾತಿನ ಹೊತ್ತಿನದು ಒಂದೂ ಇಲ್ಲ.

ಸಾಲುಗಳೂ ಅಂಕುಡೊಂಕಾಗಿವೆ. ನವೆಂಬರಿನಲ್ಲಿ ನಾನು ನಟನೆ ಅಂದದ್ದು ಎಂಥ ಮಾತು ಅಂತ ಈಗ ನಾಲಗೆ ಕಚ್ಚಿಕೊಳ್ಳುತ್ತಿದ್ದೇನೆ. ಅಪ್ಪನ ಕೈಯನ್ನು ಹನ್ನೆರಡು ವರ್ಷ ನೋಡಿದವಳು ನಾನು. ಗೊತ್ತಾಗಬೇಕಿತ್ತು. ಗೊತ್ತಾಗಿತ್ತು ಅಂತಲೂ ಕಾಣುತ್ತದೆ.

ನಿನ್ನನ್ನು ಏನೂ ಕೇಳುವುದಿಲ್ಲ. ನನ್ನ ಮನೆಯಲ್ಲಿ ಜಾಹೀರಾತಿನ ಹೊತ್ತಿನಲ್ಲಿ ಆಗುವುದನ್ನು ಹೇಳುತ್ತೇನೆ.

ಇಂಗೆಬೋರ್ಗ್ ಕಳೆದ ಜೂನ್‌ನಿಂದ ಡುಲೂತ್‌ನ ವೃದ್ಧರ ಮನೆಯಲ್ಲಿದ್ದಾಳೆ. ಹೋದಾಗಲೆಲ್ಲ "ನೀವು ಯಾರ ಕಡೆಯವ್ರು?" ಅಂತ ಕೇಳುತ್ತಾಳೆ. ಅವಳ ಮಾತು ಅಂತ ನಿನಗೆ ಬರೆದದ್ದೆಲ್ಲ ನಾನೇ ಹೇಳಿ ನಾನೇ ನಕ್ಕದ್ದು. ಹೆಣಿಗೆಯ ಸಾಲು ತಪ್ಪಿಸಿದವಳೂ ನಾನೇ. ಅವಳು ಬಿಟ್ಟುಹೋದ ಸ್ವೆಟರನ್ನು ಮುಗಿಸುತ್ತಿದ್ದೇನೆ, ಯಾರ ಅಳತೆಯೋ ಗೊತ್ತಿಲ್ಲ. ಜಾಹೀರಾತು ಬಂದಾಗ ಆ ಕುರ್ಚಿಯ ಜೊತೆ ಮಾತಾಡುತ್ತೇನೆ. ನೀರಿನ ಕೊಳವೆ ಹೆಪ್ಪುಗಟ್ಟಿದ್ದು, ಸೊಂಟ ನೋವು, ಇಂಥದೇ.

ಮೊದಲೇ ಬರೆದಿದ್ದರೆ ಅಕ್ಕ ಒಬ್ಬಳೇ ಇದ್ದಾಳೆ ಅಂತ ನೀನು ಕೆಲಸ ಬಿಟ್ಟು ಬರುತ್ತಿದ್ದೆ. ಆ ಕೆಲಸವೇ ನೀನು. ಅದಕ್ಕೇ ಬರೆಯಲಿಲ್ಲ.

ಕುರ್ಚಿಯನ್ನು ನೀನು ಹೇಳಿದ ಹಾಗೆ ಹಿಂದಕ್ಕೆ ಹಾಕಲಿಲ್ಲ. ಬಲಗಡೆಯೇ ಇದೆ.

ಹುಲ್ಡಾ


ನ್ಯೂಯಾರ್ಕ್
೧೨ ಮಾರ್ಚ್ ೧೯೮೪

ಅಕ್ಕಾ,

ಬೆಣ್ಣೆಯ ತಲೆ ಎಲ್ಲಿ ಹೋಯಿತೋ ನನಗೆ ಗೊತ್ತಿಲ್ಲ. ಬರೆಯುವಾಗ ನನಗೂ ಅದನ್ನೇ ತಿಳಿಯುವ ಆಸೆಯಿತ್ತು.

ಕೆಲಸದಲ್ಲಿ ನನ್ನ ಕೊನೆಯ ದಿನ ಡಿಸೆಂಬರ್ ಹದಿನಾರು. ಈಗ ಕ್ಯಾಮೆರಾದ ಮುಂದೆ ಒಂದು ಗಾಜಿದೆ, ಅದರ ಮೇಲೆ ಅಕ್ಷರಗಳು ತಾವಾಗಿಯೇ ಮೇಲಕ್ಕೆ ಹತ್ತುತ್ತವೆ. ಕ್ಯಾಮೆರಾದ ಹಿಂದೆ ಮಣೆಯಿಲ್ಲ, ನಾನೂ ಇಲ್ಲ.

ಅಕ್ಟೋಬರಿನಲ್ಲಿ ಬಡ್ ನನ್ನ ಕಿವಿಯಲ್ಲಿ ಹೇಳಿದ್ದು ಇದು: "ಆರ್ವಿ, ಮುಂದಿನ್ ವಾರಾನೂ ಬೀಳ್ಸು. ಪ್ರತಿ ವಾರ ಬೀಳ್ಸು. ಆಗ ಇವತ್ತು ಬಿದ್ದಿದ್ದು ಯಾರಿಗೂ ಗೊತ್ತಾಗಲ್ಲ." ಎರಡು ತಿಂಗಳು ಹಾಗೆ ನನ್ನನ್ನು ಎಲ್ಲರ ಎದುರಿನಲ್ಲೇ ಬಚ್ಚಿಟ್ಟ. ಆದರೆ ಬೇರೆ ದಿನಗಳಲ್ಲೂ ಬೀಳತೊಡಗಿದವು. ಮೇಲಿನವರು ಒಂದು ಸೋಮವಾರ ನೋಡಿದರು, ಇನ್ನೊಂದು ಬುಧವಾರ ನೋಡಿದರು. ಕೊನೆಯ ದಿನ ಜಾಹೀರಾತಿನ ಹೊತ್ತಿನಲ್ಲಿ ಬಡ್ ಬಂದು ಗಾಜನ್ನು ಬೆರಳಿನಿಂದ ತಟ್ಟಿ, "ಇದು ನಗಲ್ಲ ಕಣೋ" ಅಂದ. ಅಷ್ಟರಲ್ಲಿ ಸಾಬೂನಿನ ಜಾಹೀರಾತು ಮುಗಿಯಿತು.

ಈಗ ನಾನೂ ನಿನ್ನ ಹಾಗೆ ಟೀವಿಯಲ್ಲೇ ನೋಡುತ್ತೇನೆ. ಉಳಿದ ಖಾಲಿ ಕಾರ್ಡುಗಳನ್ನು ಮನೆಗೆ ತಂದಿದ್ದೆ. ಬಡ್ ಹೇಳುತ್ತಿದ್ದ ಹಾಗೆ ಅವುಗಳ ಮೇಲೆ ಬರೆಯುತ್ತಿದ್ದೆ, ಒಂದು ಮಾತು ಹಿಂದೆ. ಕಳೆದ ವಾರ ಕಾರ್ಡು ಮುಗಿದವು.

ನಿನಗೆ ಹೇಳಲಿಲ್ಲ, ಏಕೆಂದರೆ ನೀನು ಚರ್ಚಿನಲ್ಲಿ ಹುಂಜದ ಕತೆ ಹೇಳಿದ್ದೆ. ಜೊತೆಗೆ, ನಿನಗೆ ಇಂಗೆಬೋರ್ಗ್ ಇದ್ದಾಳೆ, ಮನೆ ತುಂಬಿದೆ, ನಡುಗುವ ಕೈ ಹಿಡಿದುಕೊಂಡು ನಾನೇಕೆ ಅಲ್ಲಿಗೆ ಬರಲಿ ಅಂದುಕೊಂಡೆ. ನಾವಿಬ್ಬರೂ ಎಂಥ ದಡ್ಡರು ನೋಡು. ಒಬ್ಬರು ಇನ್ನೊಬ್ಬರಿಗೆ ತುಂಬಿದ ಮನೆ ಬರೆದು ಕಳಿಸಿದೆವು.

ನೀನು ಬಾ ಅಂದಿಲ್ಲ. ಆದರೂ ಬರುತ್ತೇನೆ. ಏಪ್ರಿಲ್ ಹನ್ನೆರಡು, ಗುರುವಾರ, ಡುಲೂತ್‌ನಿಂದ ಸಂಜೆಯ ಬಸ್ಸು. ಬೇಡವಾದರೆ ಬರೆ. ಬರೆಯದಿದ್ದರೆ ಬೇಕು ಅಂತ ತಿಳಿಯುತ್ತೇನೆ. ನನ್ನ ಹತ್ತಿರ ಒಂದು ಪೆಟ್ಟಿಗೆ, ನಾಲ್ಕು ದಪ್ಪ ಪೆನ್ನು, ಮತ್ತು ನಿನಗೆ ಹೇಳಬೇಕಾದ ಹನ್ನೊಂದು ವರ್ಷದ ಜಾಹೀರಾತುಗಳಿವೆ. ಒಂದಕ್ಕೆ ಎರಡೇ ನಿಮಿಷ. ಲೆಕ್ಕ ಹಾಕಿದರೆ ನಾವು ಇನ್ನೂ ಬಹಳ ದಿನ ಬದುಕಬೇಕಾಗುತ್ತದೆ.

ಆರ್ವಿಡ್


ಟು ಹಾರ್ಬರ್ಸ್
೨೦ ಮಾರ್ಚ್ ೧೯೮೪

ತಮ್ಮಾ,

ಬರೆಯದಿದ್ದರೆ ಬೇಕು ಅಂತ ಅರ್ಥ ಅಂದೆ. ಅದಕ್ಕೇ ಇದನ್ನು ಬರೆಯಬೇಕೋ ಬೇಡವೋ ಅಂತ ಎರಡು ದಿನ ಯೋಚಿಸಿದೆ. ಅಂಚೆಯಲ್ಲಿ ಹರಿದುಹೋಗಿ ಅರ್ಧ ಸಿಕ್ಕರೂ ಸರಿಯಿರಲಿ ಅಂತ ಮೊದಲೇ ಹೇಳುತ್ತೇನೆ: ಬಾ.

ಎಲ್ಸ್‌ವರ್ತ್ ಬಸ್ಸಿನ ಹತ್ತಿರ ಗಾಡಿ ತರುತ್ತಾನೆ. ಕುರ್ಚಿಯಲ್ಲಿ ಕೂರುವ ಮನುಷ್ಯ ಬರುತ್ತಿದ್ದಾನೆ ಅಂತ ಅವನಿಗೆ ಹೇಳಿದ್ದೇನೆ. "ಹಾಗಾದ್ರೆ ಒಬ್ರು ಇದಾರೆ ಅಂತಾಯ್ತು" ಅಂದ, ನಿರಾಳವಾಗಿ. ಸ್ವೆಟರು ನಿನ್ನ ಅಳತೆಯದಲ್ಲ, ಆದರೂ ಹಾಕಿಕೊಳ್ಳಬೇಕು. ಕುರ್ಚಿಗೆ ದಿಂಬು ಕಟ್ಟಿದ್ದೇನೆ. ಬಡ್ ಆ ಕಡೆ ನೋಡದಿದ್ದರೆ ಬಿಡಲಿ, ನಾನು ನೋಡುತ್ತೇನೆ.

ಕಾಫಿಯನ್ನು ಅರ್ಧ ಕಪ್ಪೇ ಬಗ್ಗಿಸುತ್ತೇನೆ, ಗದರಬೇಡ. ನನ್ನದಕ್ಕೂ ಅರ್ಧವೇ. ಖಾಲಿಯಾದಾಗ ಹೇಳು.

ಹುಲ್ಡಾ